ನಾಲ್ಕೂ ಟೈರು ಹೊಸದೇ ಬೇಕು

ಬೆಳಿಗ್ಗೆ ದುರ್ಗಿಗುಡಿಯ ನಮ್ಮ ಮನೆಯಿಂದ ಭದ್ರಾವತಿಯ ಆಫೀಸಿನವರೆಗೆ ಕಾರು ಓಡಿಸುವ ಮುಕ್ಕಾಲು ಗಂಟೆ ಇದೆಯಲ್ಲ, ಇಡೀ ದಿನದಲ್ಲಿ ಅದೊಂದೇ ನನ್ನದು. ಅದಕ್ಕೆ ಮೊದಲು ಅಡುಗೆಮನೆ, ಅದಾದ ಮೇಲೆ ವಿಮಾ ಕಚೇರಿಯ ಕೌಂಟರು. ನಡುವಿನ ಆ ಹೊತ್ತಿನಲ್ಲಿ ಸಾಂಬಾರಿಗೆ ಉಪ್ಪು ಕಡಿಮೆ ಎನ್ನುವವರಿಲ್ಲ, ನನ್ನ ಬಾಂಡು ಎಲ್ಲಿ ಎಂದು ಕೇಳುವವರಿಲ್ಲ. ಹಾಗಂತ ನಾನು ಒಬ್ಬಳೇ ಇರುತ್ತೇನೆ ಅಂದುಕೊಳ್ಳಬೇಡಿ. ಎಡಗಡೆ ಸೀಟಿನಲ್ಲಿ ನನ್ನ ಗಂಡ ಇರುತ್ತಾರೆ. ಅವರು ಭದ್ರಾವತಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವರು. ಹೋಗುವಾಗ ನಾನು ಓಡಿಸುವುದು, ಬರುವಾಗ ಅವರು. ಮನೆಗೆ ಕಾರು ಬಂದಾಗಿನಿಂದ ಇದೇ ಕ್ರಮ.

ಅವರು ಓಡಿಸುವಾಗ ನಾನು ಕಿಟಕಿಯಾಚೆ ನೋಡಿಕೊಂಡು ತೆಪ್ಪಗಿರುತ್ತೇನೆ. ನಾನು ಓಡಿಸುವಾಗ ಅವರ ಕ್ಲಾಸು ಶುರುವಾಗುತ್ತದೆ. ಬ್ರೇಕ್ ಹಾಕು, ಹಂಪ್ ಬಂತು, ಆ ಆಟೋದವನನ್ನು ನಂಬಬೇಡ, ಗೇರ್ ಇಳಿಸು, ಬಸ್ಸಿಗೆ ದಾರಿ ಬಿಡು, ಬ್ರೇಕ್, ಬ್ರೇಕ್. ನಾನು ಇವತ್ತಿನವರೆಗೆ ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ. ಆದರೂ ಕೇಳಿ ಕೇಳಿ, ನನ್ನ ಡ್ರೈವಿಂಗಿನಲ್ಲಿ ಎಲ್ಲೋ ಏನೋ ಐಬಿರಬೇಕು ಎಂದು ನನಗೇ ಅನ್ನಿಸಿಬಿಟ್ಟಿತ್ತು. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ, ಬರುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ದಾರಿಯಲ್ಲಿ ಸಿಗುವ ಮಲವಗೊಪ್ಪ ಬರುವಷ್ಟರಲ್ಲಿ ಅದು ಎರಡು ಸಲ ಬಂದು ಎರಡು ಸಲ ಇಳಿದಿರುತ್ತಿತ್ತು.

ಹೀಗಿರುವಾಗ ಹೋದ ವರ್ಷ ಒಂದು ಭಾನುವಾರ, ಕಾಲೇಜಿನ ಯಾರೋ ಕರೆದರೆಂದು ಇವರು ನನ್ನನ್ನು ಆಟೋಕ್ರಾಸ್ ನೋಡಲು ಕರೆದುಕೊಂಡು ಹೋದರು. ಭದ್ರಾವತಿಯ ಹೊರಗಡೆ ಹಳೆಯ ಗೋದಾಮೊಂದರ ಖಾಲಿ ಜಾಗ. ಗೋದಾಮಿನ ಸಿಮೆಂಟ್ ನೆಲದಿಂದ ಓಟ ಶುರು, ಅದರಾಚೆ ಕೆಂಪು ಗರಸಿನ ಮೈದಾನ. ಅಲ್ಲಲ್ಲಿ ಪ್ಲಾಸ್ಟಿಕ್ ಕೋನು, ಮರಳಿನ ಚೀಲ ಇಟ್ಟು ದಾರಿ ಮಾಡಿದ್ದರು. ಒಂದು ಸಲಕ್ಕೆ ಒಂದೇ ಕಾರು. ಯಾರ ಜೊತೆಗೂ ಗುದ್ದಾಟವಿಲ್ಲ, ಗಡಿಯಾರದ ಜೊತೆ ಮಾತ್ರ. ಕೋನು ಬೀಳಿಸಿದರೆ ದಂಡವೆಂದು ಸಮಯ ಸೇರಿಸುತ್ತಾರೆ. ಬಂದವರೂ ಅಂಥ ದೊಡ್ಡ ರೇಸಿನವರಲ್ಲ. ಅಡಿಕೆ ಮಂಡಿಯವರು, ತೋಟದ ಜೀಪಿನವರು, ಫ್ಯಾಕ್ಟರಿ ಶಿಫ್ಟು ಮುಗಿಸಿ ನೇರ ಬಂದವರು.

ನಮ್ಮ ಕಾರಿನಂಥದೇ ಒಂದು ಸಣ್ಣ ಕಾರು ಕೆಂಪು ದೂಳೆಬ್ಬಿಸಿಕೊಂಡು ಕೋನಿನ ಸುತ್ತ ಗಿರಕ್ಕನೆ ತಿರುಗಿತು ನೋಡಿ, ನನ್ನ ಮೈ ಜುಂ ಎಂದಿತು. ಇದು ನನಗೆ ಬೇಕು! ಅಷ್ಟು ಬಲವಾಗಿ ಏನನ್ನೂ ಬೇಕು ಅಂದುಕೊಂಡು ಎಷ್ಟು ಕಾಲವಾಗಿತ್ತೋ. ಪಕ್ಕಕ್ಕೆ ತಿರುಗಿದರೆ ಇವರ ಕಣ್ಣೂ ಹೊಳೆಯುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಇಬ್ಬರೂ ಮುಂದಿನ ವರ್ಷಕ್ಕೆ ಹೆಸರು ಕೊಡುವುದು ಎಂದು ತೀರ್ಮಾನವಾಗಿತ್ತು. ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸಬಹುದಂತೆ.

ಹೆಸರು ಕೊಡುವ ದಿನವೇ ಜಗಳ. ಸಂಘಟಕರು ನನ್ನನ್ನು ಕೇಳದೆಯೇ ನನ್ನ ಹೆಸರನ್ನು ಮಹಿಳೆಯರ ವಿಭಾಗಕ್ಕೆ ಬರೆದುಕೊಂಡರು. ಎಷ್ಟು ಜನ ಇದ್ದಾರೆ ಅಲ್ಲಿ ಎಂದು ಕೇಳಿದೆ. ಸದ್ಯಕ್ಕೆ ನೀವೊಬ್ಬರೇ ಮೇಡಂ, ಕಪ್ ಗ್ಯಾರಂಟಿ ಎಂದು ಹಲ್ಲು ಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು. ಒಬ್ಬಳೇ ಓಡಿ ಒಬ್ಬಳೇ ಗೆಲ್ಲುವುದಕ್ಕೆ ನಾನು ಬೀದಿಯಲ್ಲಿ ಕಾರು ಓಡಿಸಿದರೆ ಸಾಲದೇ? ಅದೇ ಕಾರು, ಅದೇ ಟೈರು, ಅದೇ ಗಡಿಯಾರ, ನನ್ನ ಹೆಸರನ್ನೂ ಇವರ ಹೆಸರಿನ ಕೆಳಗೇ ಬರೆಯಿರಿ ಎಂದೆ. ಬರೆದರು.

ಅವತ್ತು ವಾಪಸ್ಸು ಬರುವಾಗ ಇವರು ಸ್ಟೇರಿಂಗ್ ಹಿಡಿದು ನಗುತ್ತಲೇ ಇದ್ದರು. ನನ್ನನ್ನು ಸೋಲಿಸುವ ಆಸೆಯೋ ಎಂದರು. ಹೌದು ಎಂದೆ. ಸೋಲಿಸಿದರೆ ಏನು ಬೇಕು ಎಂದು ಕೇಳಿದರು.

"ನಾನು ಗೆದ್ದರೆ ಬೆಳಿಗ್ಗೆ ಎಡಗಡೆ ಸೀಟಲ್ಲಿ ನಿಮ್ಮ ಬಾಯಿಗೆ ಬೀಗ. ಒಂದು ಬ್ರೇಕೂ ಇಲ್ಲ, ಒಂದು ಹಂಪೂ ಇಲ್ಲ," ಎಂದೆ.

"ನಾನು ಗೆದ್ರೆ ಬೆಳಗಿನ ಡ್ರೈವಿಂಗೂ ನಂದು. ಒಪ್ಪಿಗೆನಾ ಮಾರಾಯ್ತಿ?"

ಒಪ್ಪಿಗೆ ಎಂದುಬಿಟ್ಟೆ. ದಿನದಲ್ಲಿ ನನಗಿರುವುದೇ ಅದೊಂದು ಮುಕ್ಕಾಲು ಗಂಟೆ. ಅದನ್ನೇ ಪಣಕ್ಕಿಟ್ಟು ಕೂತಿದ್ದೆ.

ಈಗ ಟೈರಿನ ವಿಷಯಕ್ಕೆ ಬರೋಣ. ನಮ್ಮ ಕಾರಿನ ಟೈರುಗಳು ಸವೆದು ನೈಸಾಗಿದ್ದವು. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬ್ರೇಕ್ ಒತ್ತಿದರೆ ಕಾರು ನಿಲ್ಲದೆ ಮುಂದಿನ ಲಾರಿಯ ಹಿಂಬದಿಯ ಬರಹ ಓದುವಷ್ಟು ಹತ್ತಿರ ಹೋಗಿ ನಿಂತಿತ್ತು. ಹಾಗಾಗಿ ಆಟಕ್ಕಲ್ಲದಿದ್ದರೂ ಓಡಾಟಕ್ಕೆ ಟೈರು ಬೇಕೇ ಬೇಕಿತ್ತು. ಆಟಕ್ಕೊಂದು ಸೆಟ್ಟು, ಓಡಾಟಕ್ಕೊಂದು ಸೆಟ್ಟು ಇಟ್ಟುಕೊಳ್ಳುವ ಯೋಗ್ಯತೆ ನಮ್ಮದಲ್ಲ. ಭಾನುವಾರ ಗರಸಿನಲ್ಲಿ ಕುಣಿದ ಟೈರೇ ಸೋಮವಾರ ಆಫೀಸಿಗೆ ಹೋಗಬೇಕು, ಮಳೆಯಲ್ಲೂ ಹೋಗಬೇಕು, ಮೂರು ನಾಲ್ಕು ವರ್ಷ ಬಾಳಲೂ ಬೇಕು, ದುಡ್ಡೂ ಕೈಗೆಟುಕಬೇಕು. ಇಷ್ಟೆಲ್ಲ ಗುಣ ಇರುವ ವರ ಕೂಡ ಸಿಗುವುದಿಲ್ಲ, ಟೈರು ಎಲ್ಲಿಂದ ಸಿಗಬೇಕು ಎಂದು ನನ್ನ ಅಕ್ಕ ಫೋನಿನಲ್ಲಿ ನಗಾಡಿದಳು.

ಇವರಿಗೆ ಬಟನ್ ಟೈರಿನ ಹುಚ್ಚು. ತೋಟದ ಜೀಪುಗಳಿಗೆ ಹಾಕುತ್ತಾರಲ್ಲ, ದಪ್ಪ ದಪ್ಪ ಗುಬುಟು ಎದ್ದಿರುವ ಟೈರು, ಅದು. ಗರಸಿನಲ್ಲಿ ಕಚ್ಚಿ ಹಿಡಿಯುತ್ತದೆ ಎಂದು ಘರ್ಷಣೆಯ ಪಾಠವನ್ನೇ ಶುರು ಮಾಡಿದರು. ಕಚ್ಚುತ್ತದೆ ಸರಿ, ಟಾರು ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಎನ್ನುತ್ತದಲ್ಲ, ಒದ್ದೆ ರಸ್ತೆಯಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆಯಲ್ಲವೇ ಎಂದೆ. ನಮ್ಮ ಕಾರಿನ ಅಳತೆಗೆ ಅದು ಬರುವುದೂ ಇಲ್ಲ ಎಂದು ಅಂಗಡಿಯಲ್ಲಿ ಗೊತ್ತಾಯಿತು. ಆಮೇಲೆ ಒಂದು ಸೈಜು ಅಗಲದ್ದು ಹಾಕಿಸೋಣ, ನೋಡಲೂ ಗತ್ತಾಗಿರುತ್ತದೆ ಎಂದು ಹೊಸ ರಾಗ ತೆಗೆದರು. ಹಾಗೆ ಹಾಕಿಸಿಕೊಂಡ ಅವರ ಸಹೋದ್ಯೋಗಿಯ ಕಾರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಹಿಂದೆ ಮೂರು ಜನ ಕೂತರೆ ಸಾಕು, ಪ್ರತಿ ಗುಂಡಿಗೂ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಎನ್ನುತ್ತಿತ್ತು. ಅದನ್ನು ನೆನಪಿಸಿದ ಮೇಲೆ ಆ ರಾಗ ನಿಂತಿತು.

ಬಿ.ಎಚ್. ರಸ್ತೆಯ ಟೈರಂಗಡಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಕಳೆದೆವು. ಅಂಗಡಿಯವರು ಮಾತುಗಾರರು, ಚಹಾ ಮೇಲೆ ಚಹಾ ತರಿಸಿದರು. ಮೊದಲು ಕಡಿಮೆ ಬೆಲೆಯ ಗಟ್ಟಿ ಟೈರು ತೋರಿಸಿದರು. ಸವೆಯುವುದೇ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದರು. ಉಗುರಿನಿಂದ ಒತ್ತಿ ನೋಡಿದೆ, ಉಗುರೇ ಮುರಿಯುವಂತಿತ್ತು. ಇಷ್ಟು ಗಟ್ಟಿ ರಬ್ಬರು ಮಳೆಯಲ್ಲಿ ಜಾರದೆ ಇನ್ನೇನು ಮಾಡುತ್ತದೆ? ಮತ್ತೊಂದು ಮೂಲೆಯಲ್ಲಿ ಯಾರೋ ಹೊಸ ಕಾರಿನಿಂದ ಬಿಚ್ಚಿಸಿ ಬಿಟ್ಟುಹೋದ ಟೈರುಗಳಿದ್ದವು. ಅಗ್ಗಕ್ಕೆ ಸಿಗುತ್ತಿತ್ತು, ಆದರೆ ನಾಲ್ಕರಲ್ಲಿ ಒಂದು ಬೇರೆ ಕಂಪನಿಯದು. ಅದನ್ನೂ ಬಿಟ್ಟೆ.

ಕೊನೆಗೆ ಮೇಲಿನ ಅಟ್ಟದಿಂದ ಒಂದು ಟೈರು ಇಳಿಸಿದರು. ನಮ್ಮ ಕಾರಿನದೇ ಅಳತೆ. ನೀರು ಹರಿದುಹೋಗಲು ನಡುವೆ ಆಳವಾದ ಉದ್ದ ಗೀರು, ಅಂಚಿನಲ್ಲಿ ದಪ್ಪ ದಪ್ಪ ಕಟ್ಟೆಗಳು. ರಬ್ಬರು ಮೆತ್ತಗಿತ್ತು, ಒತ್ತಿದರೆ ಉಗುರಿನ ಗುರುತು ಮೂಡಿ ಮಾಯವಾಗುತ್ತಿತ್ತು. ಪಕ್ಕದಲ್ಲಿ ಅಚ್ಚೊತ್ತಿದ ಅಂಕಿ ನೋಡಿದರೆ ಹಿಂದಿನ ವರ್ಷ ತಯಾರಾದದ್ದು. ಹಳೆಯ ಸ್ಟಾಕು, ಅದಕ್ಕೇ ರಿಯಾಯಿತಿ. ನೆರಳಿನಲ್ಲಿಟ್ಟ ಟೈರಿಗೆ ಒಂದು ವರ್ಷ ಏನೂ ಅಲ್ಲ, ಬಿರುಕಿಲ್ಲ, ಬಣ್ಣ ಕೆಟ್ಟಿಲ್ಲ. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಆಫೀಸಿಗೆ ಹೋಗುವ ಸೀರೆಗೆ ಕಪ್ಪು ಬಳಿದುಕೊಂಡಿತು, ಇರಲಿ. ಇದೇ ನನ್ನ ಟೈರು ಎಂದು ಒಳಗಿನಿಂದ ಕುಣಿಯುವಷ್ಟು ಖುಷಿಯಾಯಿತು.

ಆಗ ಶುರುವಾಯಿತು ನಮ್ಮೂರಿನ ಮಾಮೂಲಿ ಮಾತು.

"ಮುಂದೆ ಎರಡು ಹೊಸದು ಹಾಕ್ಸಿ ಮೇಡಂ, ಹಿಂದಿಂದು ಬಿಲ್ಕುಲ್ ನಡಿಯುತ್ತೆ. ಎಲ್ಲರೂ ಹಂಗೇ ಮಾಡೋದು," ಎಂದರು ಅಂಗಡಿಯವರು. ಇವರೂ ತಲೆಯಾಡಿಸಿದರು. ಎಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗುವುದೂ ಅದೇ, ಹಿಂದಿನದು ಸುಮ್ಮನೆ ಹಿಂಬಾಲಿಸುತ್ತದೆ ಎಂದು ಸಿದ್ಧಾಂತ ಬೇರೆ. ಸುಮ್ಮನೆ ಹಿಂಬಾಲಿಸುತ್ತದೆಯೇ? ಆ ಮಳೆಯ ದಿನ ಲಾರಿಯ ಹಿಂದೆ ನಮ್ಮ ಕಾರಿನ ಬಾಲ ಪಕ್ಕಕ್ಕೆ ಸರಿದದ್ದು ನನ್ನ ಸೊಂಟಕ್ಕೆ ಗೊತ್ತು. ಮುಂದಿನದು ಹಿಡಿದು ಹಿಂದಿನದು ಬಿಟ್ಟರೆ ಕಾರು ಬುಗುರಿಯಾಗುತ್ತದೆ. ನಾಲ್ಕೂ ಹೊಸದೇ ಬೇಕು, ಒಂದೇ ಜಾತಿಯದೇ ಬೇಕು ಎಂದು ಹಟ ಹಿಡಿದು ಟೈರಿನ ಮೇಲೇ ಕೂತುಬಿಟ್ಟೆ. ಅಂಗಡಿಯವರು ನಕ್ಕರು, ಇವರು ತಲೆ ಚಚ್ಚಿಕೊಂಡರು, ಕಾರು ಜಾಕಿನ ಮೇಲೆ ಏರಿತು.

ಹೊಸ ಟೈರಿನ ಮೈಮೇಲೆ ಅಚ್ಚಿನ ಎಣ್ಣೆಯ ಪದರ ಇರುತ್ತದೆ, ಅದು ಸವೆಯುವವರೆಗೆ ಜೋರು ಬೇಡ ಎಂದು ಅಂಗಡಿಯವರೇ ಹೇಳಿ ಕಳಿಸಿದ್ದರು. ಹಾಗಾಗಿ ಆಫೀಸಿನ ದಾರಿಯೇ ನಮ್ಮ ತಾಲೀಮಾಯಿತು. ದೀಪಾವಳಿ ಕಳೆದು ಸಂಕ್ರಾಂತಿಯವರೆಗೆ ದಿನಾ ಹೋಗಿ ಬಂದು, ಟೈರು ರಸ್ತೆಗೆ ಒಗ್ಗಿತು, ನಾನು ಟೈರಿಗೆ ಒಗ್ಗಿದೆ. ಭಾನುವಾರ ಗಾಜನೂರಿನ ಕಡೆ ಹೋಗಿ, ರಸ್ತೆ ಪಕ್ಕದ ಖಾಲಿ ಮಣ್ಣಿನ ಜಾಗದಲ್ಲಿ ನೀರಿನ ಕ್ಯಾನುಗಳನ್ನು ಕೋನಿನ ಹಾಗೆ ಇಟ್ಟು ಇಬ್ಬರೂ ಸುತ್ತಿದೆವು. ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಜಾಸ್ತಿ ಇಳಿಸಿದರೆ ತಿರುವಿನಲ್ಲಿ ಟೈರು ಮಗುಚಿಕೊಳ್ಳುತ್ತದೆ. ಎಷ್ಟು ಸಾಕು ಎಂದು ಇಬ್ಬರೂ ಕೂಡಿಯೇ ಕಂಡುಕೊಂಡೆವು. ಎಷ್ಟೋ ವರ್ಷಗಳ ನಂತರ ನಾವಿಬ್ಬರು ಮನೆ ಖರ್ಚು, ನೆಂಟರು, ಮಕ್ಕಳ ಫೀಸು ಬಿಟ್ಟು ಬೇರೆ ಮಾತಾಡುತ್ತಿದ್ದೆವು. ಅಯ್ಯೋ, ಎಂಥ ಮಜಾ ಇತ್ತು ಆ ಭಾನುವಾರಗಳಲ್ಲಿ.

ಆದರೆ ಕಾರಿಗೆ ಹತ್ತಿದ ಕೂಡಲೇ ಅದೇ ಹಳೆಯ ಪಾಠ. ಬ್ರೇಕ್, ಬ್ರೇಕ್, ನಿಧಾನ. ಇನ್ನು ಸ್ವಲ್ಪ ದಿನ ಎಂದು ನಾನು ಹಲ್ಲು ಕಚ್ಚಿಕೊಂಡೆ.

ಆಟದ ದಿನ ಮೈದಾನದ ತುಂಬ ಜನ. ಮೈಕಿನಲ್ಲಿ ಒಬ್ಬರು ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ ಕೂಗುತ್ತಿದ್ದರು. ಬೆಳಿಗ್ಗೆ ಓಡಿದ ಜೀಪುಗಳೇ ಗರಸನ್ನು ಉತ್ತು ಹಾಕಿದ್ದವು. ದಾರಿ ಕೆಡುತ್ತಿದೆ, ಎರಡು ಓಟ ಅಂದಿದ್ದೆವು, ಈಗ ಎಲ್ಲರಿಗೂ ಒಂದೇ ಓಟ ಎಂದು ಸಾರಿದರು. ಒಂದೇ ಸಲ. ತಪ್ಪಿದರೆ ಬೆಳಗಿನ ದಾರಿ ಹೋಯಿತು.

ಮೊದಲು ಇವರ ಸರದಿ. ಕಾರು ಸಿಮೆಂಟ್ ನೆಲದ ಮೇಲಿನ ಸುಣ್ಣದ ಗೆರೆಗೆ ಬಂದು ನಿಂತಿತು. ಅಷ್ಟರಲ್ಲಿ ಇವರು ಬಾಗಿಲು ತೆಗೆದು ಇಳಿದು, ಜೇಬಿನಿಂದ ನಾಲ್ಕು ನಿಂಬೆಹಣ್ಣು ತೆಗೆದು, ಒಂದೊಂದು ಚಕ್ರದ ಮುಂದೆ ಒಂದೊಂದು ಇಟ್ಟರು. ಆಯುಧಪೂಜೆಯಲ್ಲಿ ಇಡುವುದು, ಹೊಸ ಗಾಡಿ ತಂದಾಗ ಇಡುವುದು ಸರಿ. ಘರ್ಷಣೆಯ ಪಾಠ ಮಾಡುವ ಮನುಷ್ಯ ಓಟದ ಗೆರೆಯ ಮೇಲೆ ನಿಂಬೆಹಣ್ಣು ಇಡುವುದೇ? ಬೇಡ ಎಂದು ನಾನು ಹಗ್ಗದಾಚೆಯಿಂದ ಕೈ ಬೀಸಿದೆ. ಹೊಸ ಟೈರಿಗೆ ದೃಷ್ಟಿ ತಾಗುತ್ತದೆ, ಸುಮ್ಮನಿರು ಎಂಬಂತೆ ಅವರೂ ಕೈ ಬೀಸಿ ಒಳಗೆ ಕೂತರು. ಸುತ್ತ ನಿಂತವರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಬ್ಬರು ಕೈ ಕೂಡ ಮುಗಿದರು.

ಬಾವುಟ ಇಳಿಯಿತು. ಇವರು ಆಕ್ಸಿಲರೇಟರ್ ಒತ್ತಿದರು. ಮುಂದಿನ ಚಕ್ರಗಳು ನಿಂಬೆಹಣ್ಣನ್ನು ಪಚಕ್ಕನೆ ಒಡೆದು, ಆ ರಸದ ಮೇಲೆ ನಿಂತಲ್ಲೇ ಗಿರ್ರನೆ ತಿರುಗಿದವು. ಜನ ಹೋ ಎಂದು ನಕ್ಕರು. ಕ್ಷಣದಲ್ಲಿ ಟೈರು ಹಿಡಿದುಕೊಂಡಿತು, ಕಾರು ಚಿಮ್ಮಿತು. ಮೊದಲ ತಿರುವು ಚೆನ್ನಾಗಿ ದಾಟಿದರು. ಎರಡನೆಯದಕ್ಕೆ ಹಿಂದಿನ ದೀಪ ಕೆಂಪಗೆ ಉರಿದು, ಕಾರು ಮೂಗು ತಗ್ಗಿಸಿ, ಮತ್ತೆ ಸಾವರಿಸಿಕೊಂಡು ಹೊರಟಿತು. ಒಂದು ಕೋನೂ ಬೀಳಲಿಲ್ಲ. ಸಮಯ ಕೂಗಿದರು. ಅದುವರೆಗಿನ ಸಣ್ಣ ಕಾರುಗಳಲ್ಲಿ ಅದೇ ಒಳ್ಳೆಯ ಸಮಯ.

ಹೆಲ್ಮೆಟ್ ಹಾಕಿಕೊಂಡು ಕೂತೆ. ಗೆರೆಯ ಮೇಲಿನ ನಿಂಬೆ ಸಿಪ್ಪೆಯನ್ನು ಸಂಘಟಕರು ಗುಡಿಸಿ, ಒಣ ಮಣ್ಣು ಉದುರಿಸಿದ್ದರು. ಬಾವುಟ ಇಳಿದದ್ದಷ್ಟೇ ನೆನಪು. ಸಿಮೆಂಟಿನಿಂದ ಗರಸಿಗೆ ಇಳಿಯುವಾಗ ಸ್ಟೇರಿಂಗ್ ಒಮ್ಮೆ ಹಗುರವಾಗಿ, ಮತ್ತೆ ಭಾರವಾಯಿತು. ಟೈರು ಮಣ್ಣನ್ನು ಹಿಡಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಮೊದಲ ತಿರುವು ಹೋಯಿತು. ಎರಡನೆಯದು ಬಂತು, ಎಡಕ್ಕೆ ಕಡಿದು ತಿರುಗುವ, ಹೊರಗಡೆ ಮರಳಿನ ಚೀಲ ಪೇರಿಸಿದ್ದ ತಿರುವು. ಬ್ರೇಕ್ ಎನ್ನುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಗೇರ್ ಮೊದಲೇ ಇಳಿಸಿದ್ದೆ, ಬ್ರೇಕಿನ ಮೇಲೆ ಕಾಲು ಹೋಗಲೇ ಇಲ್ಲ. ಸ್ಟೇರಿಂಗ್ ತಿರುಗಿಸಿ ಆಕ್ಸಿಲರೇಟರನ್ನು ಹಾಗೇ ಹಿಡಿದೆ. ಕಾರಿನ ಬಾಲ ಜಾರಿತು, ಜಾರಿತು, ಜೀವ ಬಾಯಿಗೆ ಬಂತು, ಹಿಂದಿನ ಎರಡು ಟೈರೂ ಒಟ್ಟಿಗೆ ನೆಲ ಕಚ್ಚಿದವು. ಕಾರು ಬಾಣದ ಹಾಗೆ ನೇರ ಹೊರಟಿತು. ನಾನು ಹೆಲ್ಮೆಟ್ಟಿನೊಳಗೆ ಕಿರುಚಿದೆ. ಹೆದರಿ ಅಲ್ಲ, ಖುಷಿಗೆ. ಇನ್ನೊಂದು ಸುತ್ತು ಕೊಟ್ಟಿದ್ದರೆ ಊಟ ಬಿಟ್ಟು ಹೋಗುತ್ತಿದ್ದೆ.

ಸಮಯ ಕೂಗಿದಾಗ ಮೊದಲು ನನಗೆ ತಿಳಿಯಲಿಲ್ಲ. ಯಾರೋ ಬಂದು ಕಿಟಕಿಗೆ ಬಡಿದು, ಮೇಡಂ, ಸಾರ್‌ಗಿಂತ ನಿಮ್ಮ ಟೈಮೇ ಕಡಿಮೆ ಎಂದರು. ಬಾಗಿಲು ತೆಗೆದು ಇಳಿದೆ. ಗೆದ್ದಿದ್ದೆ. ಬೆಳಗಿನ ದಾರಿ ನನ್ನದೇ.

ಆದರೆ ಹಗ್ಗದ ಬಳಿ ಬರುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನಿಂಬೆಹಣ್ಣಿನಿಂದ ಸಾರ್ ಸೋತರು, ಇಲ್ಲದಿದ್ದರೆ ಅವರೇ. ಪಾಪ, ಹೆಂಡತಿಗೆ ದಾರಿ ಮಾಡಿಕೊಟ್ಟರು. ಮೈಕಿನವರೂ ಅದನ್ನೇ ತಮಾಷೆ ಮಾಡಿ ಕೂಗಿದರು. ಕೇಳುತ್ತ ಕೇಳುತ್ತ ನನ್ನ ಖುಷಿ ಸೋರಿಹೋಯಿತು. ಇನ್ನೊಂದು ಓಟ ಇಲ್ಲ, ತೋರಿಸಿಕೊಡುವ ದಾರಿಯೂ ಇಲ್ಲ. ಇವರ ಎದುರು ನಿಂತಾಗ ನನ್ನ ಬಾಯಿಂದಲೇ ಬಂದುಬಿಟ್ಟಿತು, ನಿಂಬೆಹಣ್ಣು ಇಲ್ಲದಿದ್ದರೆ ನೀವೇ ಗೆಲ್ಲುತ್ತಿದ್ದಿರಿ, ಪಂದ್ಯ ಲೆಕ್ಕಕ್ಕಿಲ್ಲ ಬಿಡಿ ಎಂದು.

ಇವರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಸುತ್ತಲಿನವರಿಗೂ ಕೇಳುವಂತೆ ಹೇಳಿದರು.

"ನಿಂಬೆಹಣ್ಣಲ್ಲ. ಅದು ತಿಂದಿದ್ದು ಒಂದು ಕ್ಷಣ. ಎರಡನೇ ತಿರುವಲ್ಲಿ ನಾನು ಹೆದರಿ ಬ್ರೇಕ್ ತುಳಿದೆ. ಇವಳು ತುಳೀಲಿಲ್ಲ. ಟೈರು ಎರಡೂ ಸಲ ಅದೇ."

ಜನ ಅತ್ತಿತ್ತ ಚದುರಿದರು. ನಾನು ಅಲ್ಲೇ ನಿಂತಿದ್ದೆ. ಅವರು ದನಿ ತಗ್ಗಿಸಿದರು.

"ದಿನಾ ಬ್ರೇಕ್ ಬ್ರೇಕ್ ಅಂತೀನಲ್ಲ, ಅದೂ ಇದೇ ಕಣೇ. ನಿನ್ನ ಡ್ರೈವಿಂಗ್ ಸರಿ ಇಲ್ಲ ಅಂತ ಅಲ್ಲ. ನಂಗೆ ಮೊದಲಿಂದ್ಲೂ ರೋಡಂದ್ರೆ ಭಯ."

ಇಷ್ಟು ವರ್ಷ ಒಂದೇ ಕಾರಿನಲ್ಲಿ ಪಕ್ಕಪಕ್ಕ ಕೂತು ಹೋಗಿದ್ದೇವೆ. ಅವರ ಭಯವನ್ನು ನಾನು ನನ್ನ ತಪ್ಪು ಎಂದು ಹೊತ್ತುಕೊಂಡು ತಿರುಗಿದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಜನರ ಮುಂದೆ ಏನು ಮಾಡಲೂ ತೋಚದೆ ಅವರ ತೋಳಿಗೆ ಒಂದು ಗುದ್ದು ಕೊಟ್ಟೆ.

ಸಂಜೆ ವಾಪಸ್ಸು ಹೊರಡುವಾಗ, ಅವರ ಸರದಿಯಾಗಿದ್ದರೂ, ಕೀಲಿ ನನ್ನ ಕೈಗಿಟ್ಟು ಎಡಗಡೆಗೆ ಹೋಗಿ ಕೂತರು. ಆಟಕ್ಕೆಂದು ಇಳಿಸಿದ್ದ ಟೈರಿನ ಗಾಳಿ ಮತ್ತೆ ತುಂಬಿಸಿಕೊಂಡು ರಸ್ತೆಗೆ ಬಂದೆವು. ಮಾತಿಗೆ ತಪ್ಪುವವರಲ್ಲ ಅವರು, ತುಟಿ ಬಿಗಿದುಕೊಂಡು ಕೂತಿದ್ದರು. ಮಲವಗೊಪ್ಪದ ಹತ್ತಿರ ಎದುರಿನಿಂದ ಒಂದು ಬಸ್ಸು ಲಾರಿಯನ್ನು ಹಿಂದೆ ಹಾಕಿಕೊಂಡು ನಮ್ಮ ಕಡೆಗೇ ನುಗ್ಗಿ ಬಂತು. ಇನ್ನೂ ದೂರವಿತ್ತು, ಜಾಗವೂ ಇತ್ತು. ಓರೆಗಣ್ಣಿನಲ್ಲಿ ಇವರನ್ನು ನೋಡಿದೆ. ಬಾಯಿಂದ ಒಂದು ಶಬ್ದವಿಲ್ಲ, ಅವರ ಬಲಗಾಲು ಮಾತ್ರ ಕೆಳಗಿನ ಮ್ಯಾಟನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು.

ಯಾರೂ ಹೇಳದೆಯೇ ನಾನು ಬ್ರೇಕಿನ ಮೇಲೆ ಕಾಲಿಟ್ಟು ಕಾರನ್ನು ನಿಧಾನ ಮಾಡಿದೆ.